ಸತ್ತ 12 ವರ್ಷದ ಮೇಲೆ ಶಿಕ್ಷೆಯಾದ ವೈದ್ಯ: ಗೋವೆಯ ಗಾರ್ಸಿಯಾ ಡಾ ಓರ್ಟಾ

ಇನ್‌ಕ್ವಿಸಿಷನ್ ಎಂಬ ಹೆಸರು ನಿಮ್ಮ ಮೊಬೈಲಿಗೆ ಫಾರ್ವರ್ಡ್ ಆಗಿ ಬಂದಿದ್ದರೆ, ಬಹುಶಃ ಈ ಮೂರರಲ್ಲಿ ಒಂದು ರೂಪದಲ್ಲಿ ಬಂದಿರುತ್ತದೆ. ಭೂಮಿ ಸುತ್ತುತ್ತದೆ ಅಂದಿದ್ದಕ್ಕೆ ಗೆಲಿಲಿಯೋನನ್ನು ಚರ್ಚ್ ಸುಟ್ಟುಹಾಕಿತು ಅನ್ನುವುದು ಒಂದು. ಗೋವೆಯಲ್ಲಿ ಲಕ್ಷಗಟ್ಟಲೆ ಜನರನ್ನು ಸುಟ್ಟರು ಅನ್ನುವುದು ಇನ್ನೊಂದು. ಗೋವೆಯಲ್ಲಿ ಅಂಥದ್ದೇನೂ ನಡೆಯಲೇ ಇಲ್ಲ, ಎಲ್ಲ ಕಟ್ಟುಕಥೆ ಅನ್ನುವುದು ಮೂರನೆಯದು.

ಮೂರೂ ತಪ್ಪು. ಗೆಲಿಲಿಯೋನ ವಿಚಾರಣೆ ರೋಮಿನಲ್ಲಿ 1633ರಲ್ಲಿ ನಡೆದದ್ದು ನಿಜ. ಆದರೆ ಅವನಿಗಾದದ್ದು ಗೃಹಬಂಧನ. 1642ರಲ್ಲಿ ತನ್ನ ಮನೆಯಲ್ಲೇ, ಕಾಯಿಲೆಯಿಂದ ತೀರಿಕೊಂಡ. ಉಳಿದ ಎರಡು ಮಾತುಗಳ ಸತ್ಯಾಸತ್ಯ ತಿಳಿಯಬೇಕಾದರೆ ಗೋವೆಯಲ್ಲೇ ಬದುಕಿದ್ದ ಒಬ್ಬ ವೈದ್ಯನ ಕಥೆ ಕೇಳಬೇಕು. ಐಮಂಗಲದ ದಿನಸಿ ಅಂಗಡಿಯಲ್ಲಿ ನೀವು ಕಟ್ಟಿಸಿಕೊಂಡು ಬರುವ ಇಂಗು, ಮೆಣಸು, ಶುಂಠಿ, ಏಲಕ್ಕಿಗಳ ಬಗ್ಗೆ ಯುರೋಪಿಗೆ ಮೊದಲ ಬಾರಿಗೆ ಕಣ್ಣಾರೆ ಕಂಡು ವಿವರವಾಗಿ ಬರೆದು ತಿಳಿಸಿದವರಲ್ಲಿ ಅವನೂ ಒಬ್ಬ. ಹೆಸರು ಗಾರ್ಸಿಯಾ ಡಾ ಓರ್ಟಾ.

ಓಡಿಬಂದವರ ಮಗ

ಓರ್ಟಾ ಹುಟ್ಟಿದ್ದು ಸುಮಾರು 1501ರಲ್ಲಿ, ಪೋರ್ಚುಗಲ್‌ನ ಕಾಸ್ಟೆಲೊ ಡಿ ವಿಡೆ ಎಂಬ ಗಡಿ ಊರಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಸ್ಪೇನಿನ ಯಹೂದಿಗಳು. 1492ರಲ್ಲಿ ಸ್ಪೇನಿನ ರಾಜ ರಾಣಿಯರು, ಒಂದೋ ಕ್ರೈಸ್ತರಾಗಿ ಇಲ್ಲವೇ ದೇಶ ಬಿಡಿ ಎಂದು ಯಹೂದಿಗಳಿಗೆ ಆಜ್ಞೆ ಹೊರಡಿಸಿದರು. ಸಾವಿರಾರು ಕುಟುಂಬಗಳು ಗಡಿ ದಾಟಿ ಪೋರ್ಚುಗಲ್ಲಿಗೆ ಬಂದವು. ಐದೇ ವರ್ಷ. 1497ರಲ್ಲಿ ಪೋರ್ಚುಗಲ್ಲಿನ ರಾಜನೂ ಅವರನ್ನೆಲ್ಲ ಬಲವಂತವಾಗಿ ಮತಾಂತರ ಮಾಡಿಸಿದ. ಹೀಗೆ ಕ್ರೈಸ್ತರಾದವರಿಗೆ 'ಹೊಸ ಕ್ರೈಸ್ತರು' ಎಂಬ ಹೆಸರು ಬಿತ್ತು. ಮೊಮ್ಮಕ್ಕಳ ಕಾಲಕ್ಕೂ ಆ 'ಹೊಸ' ಎಂಬ ಪದ ಅಳಿಯಲಿಲ್ಲ.

ಇಲ್ಲಿ ಒಂದು ಕಾನೂನಿನ ವಿಷಯ ಗಮನಿಸಬೇಕು. ಇನ್‌ಕ್ವಿಸಿಷನ್ ಅಂದರೆ ಕ್ಯಾಥೊಲಿಕ್ ಚರ್ಚಿನ ಮತವಿಚಾರಣೆಯ ನ್ಯಾಯಾಲಯ. ಯುರೋಪಿನಲ್ಲಿ ಅದು 13ನೇ ಶತಮಾನದಿಂದಲೂ ಇತ್ತು. ಅದರ ಅಧಿಕಾರ ಮುಖ್ಯವಾಗಿ ದೀಕ್ಷೆ ಪಡೆದ ಕ್ರೈಸ್ತರ ಮೇಲೆ. ಯಹೂದಿ ಯಹೂದಿಯಾಗಿಯೇ ಇದ್ದರೆ ಅವನನ್ನು ಧರ್ಮದ್ರೋಹಿ ಅನ್ನುವಂತಿರಲಿಲ್ಲ. ಆದರೆ ತಲೆಯ ಮೇಲೆ ಒಮ್ಮೆ ದೀಕ್ಷೆಯ ನೀರು ಬಿದ್ದ ಮೇಲೆ, ಅದು ಬಲವಂತದ್ದೇ ಆಗಿರಲಿ, ಹಳೆಯ ಆಚಾರ ಇಟ್ಟುಕೊಂಡರೆ ಅಪರಾಧ. ಬಲವಂತದಿಂದ ಒಳಗೆ ತಳ್ಳಿದ್ದೂ ಅವರೇ, ಒಳಗಿದ್ದು ಹಳೆಯದನ್ನು ಬಿಡಲಿಲ್ಲ ಎಂದು ಹಿಡಿದದ್ದೂ ಅವರೇ. ಸ್ಪೇನಿನಲ್ಲಿ ಇಂಥ ನ್ಯಾಯಾಲಯ 1478ರಲ್ಲಿ ಬಂತು, ಪೋರ್ಚುಗಲ್ಲಿನಲ್ಲಿ 1536ರಲ್ಲಿ.

ಓರ್ಟಾ ಸ್ಪೇನಿನ ಸಾಲಮಾಂಕಾ ಮತ್ತು ಅಲ್ಕಲಾ ವಿಶ್ವವಿದ್ಯಾಲಯಗಳಲ್ಲಿ ವೈದ್ಯ ಓದಿದ. 1526ರಲ್ಲಿ ಪೋರ್ಚುಗಲ್ಲಿನಲ್ಲಿ ವೈದ್ಯವೃತ್ತಿಗೆ ಪರವಾನಗಿ ಪಡೆದ. ಲಿಸ್ಬನ್ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಮಾಡಿದ. ಒಳ್ಳೆಯ ಕೆಲಸ, ಒಳ್ಳೆಯ ಹೆಸರು. ಅದನ್ನೆಲ್ಲ ಬಿಟ್ಟು 1534ರ ಮಾರ್ಚಿನಲ್ಲಿ ಹಡಗು ಹತ್ತಿದ. ಪೋರ್ಚುಗಲ್ಲಿಗೂ ಮತವಿಚಾರಣೆ ಬರುತ್ತದೆ ಎಂಬ ಮಾತು ಆಗಲೇ ಗಾಳಿಯಲ್ಲಿತ್ತು. ಹೊಸ ಕ್ರೈಸ್ತರು ದೇಶ ಬಿಟ್ಟು ಹೋಗದಂತೆ ನಿರ್ಬಂಧಗಳೂ ಇದ್ದವು. ರಾಜನ ನೌಕಾಪಡೆಯ ಮುಖ್ಯಸ್ಥನ ಖಾಸಗಿ ವೈದ್ಯನನ್ನು ಮಾತ್ರ ಯಾರೂ ತಡೆಯುವಂತಿರಲಿಲ್ಲ.

ಆ ಮುಖ್ಯಸ್ಥ ಮಾರ್ಟಿಂ ಅಫೊನ್ಸೊ ಡಿ ಸೋಜಾ. ಇದೇ ಸೋಜಾ ಮುಂದೆ ಗೋವೆಯ ಗವರ್ನರ್ ಆಗಿ 1542ರಲ್ಲಿ ನಮ್ಮ ಭಟ್ಕಳದ ಮೇಲೆ ದಾಳಿ ಮಾಡಿ ಊರನ್ನು ಲೂಟಿ ಹೊಡೆದವನು. ಓರ್ಟಾನಿಗೆ ಮಾತ್ರ ಆಸರೆಯಾಗಿದ್ದ.

ಬಜಾರಿನಲ್ಲಿ ನಿಂತು ಓದಿದ ಪಾಠ

1534ರ ಸೆಪ್ಟೆಂಬರಿನಲ್ಲಿ ಓರ್ಟಾ ಗೋವೆಗೆ ಬಂದಿಳಿದ. ಮೊದಲ ಕೆಲವು ವರ್ಷ ಸೋಜಾನ ದಂಡಯಾತ್ರೆಗಳ ಜೊತೆ ಗುಜರಾತ್, ಸಿಂಹಳ ಎಂದು ತಿರುಗಿ, ಆಮೇಲೆ ಗೋವೆಯಲ್ಲೇ ನೆಲೆ ನಿಂತ. ಒಬ್ಬರ ಹಿಂದೆ ಒಬ್ಬರಂತೆ ಬಂದ ಗವರ್ನರುಗಳಿಗೆಲ್ಲ ಅವನೇ ವೈದ್ಯ. ಅಹಮದ್‌ನಗರದ ಸುಲ್ತಾನ ಬುರ್ಹಾನ್ ನಿಜಾಂ ಶಾ ಕೂಡ ಅವನನ್ನು ಕರೆಸಿಕೊಂಡು ಚಿಕಿತ್ಸೆ ಪಡೆಯುತ್ತಿದ್ದ. ಔಷಧಿ, ರತ್ನಗಳ ವ್ಯಾಪಾರವನ್ನೂ ಮಾಡಿದ. 1550ರ ದಶಕದಲ್ಲಿ ಒಂದು ದ್ವೀಪವನ್ನೇ ಗುತ್ತಿಗೆಗೆ ಹಿಡಿದ. ಆ ದ್ವೀಪದ ಹೆಸರು ಬೊಂಬಾಯಿ. ಇಂದಿನ ಮುಂಬಯಿ. ಅಲ್ಲಿನ ತನ್ನ ಮಾವಿನ ಮರವೊಂದು ವರ್ಷಕ್ಕೆ ಎರಡು ಫಸಲು ಕೊಡುತ್ತದೆ ಎಂದು ಹೆಮ್ಮೆಯಿಂದ ಬರೆದುಕೊಂಡಿದ್ದಾನೆ.

ಆ ಕಾಲದಲ್ಲಿ ಯುರೋಪಿನಲ್ಲಿ ವೈದ್ಯ ಓದುವುದು ಎಂದರೆ ಸಾವಿರದೈನೂರು ವರ್ಷ ಹಿಂದಿನ ಗ್ರೀಕರು ಬರೆದದ್ದನ್ನು ಬಾಯಿಪಾಠ ಮಾಡುವುದು. ಮೆಣಸಿನ ಗಿಡ ನೋಡದವರು ಮೆಣಸಿನ ಬಗ್ಗೆ ಬರೆದಿದ್ದರು. ನೋಡದವರು ಅದನ್ನು ಓದಿ, ನೋಡದವರಿಗೇ ಕಲಿಸುತ್ತಿದ್ದರು. ಇದೂ ಒಂಥರಾ ಫಾರ್ವರ್ಡೇ, ಮೊಬೈಲ್ ಇರಲಿಲ್ಲ ಅಷ್ಟೆ. ಉದಾಹರಣೆಗೆ ಕರಿಮೆಣಸು, ಬಿಳಿಮೆಣಸು, ಹಿಪ್ಪಲಿ ಮೂರೂ ಒಂದೇ ಮರದ ಕಾಯಿಗಳು ಎಂದು ಹಳೆಯ ಗ್ರಂಥಗಳು ಹೇಳುತ್ತಿದ್ದವು. ಮಲಬಾರಿನ ಮೆಣಸನ್ನೂ ಬಂಗಾಳದಿಂದ ಬರುತ್ತಿದ್ದ ಹಿಪ್ಪಲಿಯನ್ನೂ ಬಲ್ಲ ಓರ್ಟಾ, ಹಿಪ್ಪಲಿಯ ಗಿಡವೇ ಬೇರೆ ಎಂದು ಸ್ಪಷ್ಟವಾಗಿ ಬರೆದ. ಅದು ಸರಿ. ಆದರೆ ಕರಿಮೆಣಸಿನ ಬಳ್ಳಿ ಬೇರೆ, ಬಿಳಿಮೆಣಸಿನ ಬಳ್ಳಿ ಬೇರೆ ಎಂದೂ ಬರೆದ. ಅದು ತಪ್ಪು. ಮಲೆನಾಡಿನ ಯಾರನ್ನು ಕೇಳಿದರೂ ಹೇಳುತ್ತಾರೆ: ಬಳ್ಳಿ ಒಂದೇ, ಹಣ್ಣಾದ ಮೆಣಸಿನ ಸಿಪ್ಪೆ ಕಳಚಿದರೆ ಬಿಳಿಮೆಣಸು. ಕಣ್ಣಾರೆ ನೋಡುವ ಹಟ ಹಿಡಿದವನೂ ಎಲ್ಲವನ್ನೂ ನೋಡಲಾಗುವುದಿಲ್ಲ.

ಇಂಗಿನ ಬಗ್ಗೆ ಅವನು ಹೇಳುವ ಕಥೆ ನಮ್ಮ ನೆಲದ್ದೇ. ವಿಜಯನಗರದಲ್ಲಿ ಒಬ್ಬ ಪೋರ್ಚುಗೀಸನ ಹತ್ತಿರ ಬೆಲೆಬಾಳುವ ಕುದುರೆ ಇತ್ತು. ಹೊಟ್ಟೆಯುಬ್ಬರದ ಕಾಯಿಲೆ ಇದ್ದದ್ದರಿಂದ ರಾಜ ಅದನ್ನು ಕೊಳ್ಳಲಿಲ್ಲ. ಪೋರ್ಚುಗೀಸ ಅದಕ್ಕೆ ಹಿಟ್ಟಿನಲ್ಲಿ ಇಂಗು ಕಲಸಿ ತಿನ್ನಿಸಿದ. ಕುದುರೆ ಗುಣವಾಯಿತು, ರಾಜ ಒಳ್ಳೆಯ ಬೆಲೆ ಕೊಟ್ಟು ಕೊಂಡ. ಯಾವ ಮದ್ದು ಎಂದು ಕೇಳಿ ತಿಳಿದಾಗ, ದೇವತೆಗಳ ಆಹಾರವನ್ನೇ ತಿನ್ನಿಸಿದ ಮೇಲೆ ಗುಣವಾಗದೇ ಇರುತ್ತದೆಯೇ ಎಂಬರ್ಥದ ಮಾತು ಹೇಳಿದನಂತೆ. ಇಂಗಿನ ವಾಸನೆಗೆ ಮೂಗು ಮುಚ್ಚುತ್ತಿದ್ದ ಪೋರ್ಚುಗೀಸ, ಅದು ದೆವ್ವಗಳ ಆಹಾರ ಎಂದು ತನ್ನ ಭಾಷೆಯಲ್ಲಿ ಮೆಲ್ಲಗೆ ಗೊಣಗಿಕೊಂಡನಂತೆ. (ಈ ಕಥೆ ಓದಿ 'ಇಂಗಿನಿಂದ ಸರ್ವರೋಗ ನಿವಾರಣೆ, ವಿಜಯನಗರದ ರಾಜನೇ ಹೇಳಿದ್ದ' ಎಂದು ದಯವಿಟ್ಟು ಕಳಿಸಬೇಡಿ.)

ಕಾಲರಾದ ಬಗ್ಗೆ ಬರೆದದ್ದು ಇನ್ನೂ ಮುಖ್ಯ. ಇಲ್ಲಿನ ಜನ ಅದನ್ನು 'ಮೊರ್ಶಿ' ಅನ್ನುತ್ತಾರೆ, ನಮ್ಮವರು ಆ ಹೆಸರನ್ನು ಕೆಡಿಸಿದ್ದಾರೆ ಎಂದು ದಾಖಲಿಸಿದ. ನಾಡಿ ಕುಗ್ಗುವುದು, ತಣ್ಣನೆ ಬೆವರು, ಕಣ್ಣು ಗುಳಿ ಬೀಳುವುದು, ಕಾಲಿನ ಸೆಳೆತ, ಒಂದೇ ದಿನದಲ್ಲಿ ಸಾವು. ಭಾರತದ ಕಾಲರಾವನ್ನು ಕಂಡು ಒಬ್ಬ ಯುರೋಪಿನ ವೈದ್ಯ ಕೊಟ್ಟ ಅತ್ಯಂತ ಹಳೆಯ ವಿವರಣೆಗಳಲ್ಲಿ ಇದೂ ಒಂದು. ಸ್ಥಳೀಯ ವೈದ್ಯರು ಮೆಣಸು, ಜೀರಿಗೆ ಹಾಕಿದ ಅಕ್ಕಿ ಗಂಜಿ ಕುಡಿಸುತ್ತಿದ್ದರು ಎಂದೂ ಬರೆದಿದ್ದಾನೆ. ಪಾದಕ್ಕೆ ಬರೆ ಹಾಕುತ್ತಿದ್ದರು, ಕಣ್ಣಿಗೆ ಹಿಪ್ಪಲಿ ಹಾಕುತ್ತಿದ್ದರು ಎಂದೂ ಬರೆದಿದ್ದಾನೆ. ಮೊದಲನೆಯದರಲ್ಲಿ ಅರ್ಥವಿದೆ: ಕಾಲರಾದಲ್ಲಿ ಪ್ರಾಣ ತೆಗೆಯುವುದು ದೇಹದ ನೀರು, ಉಪ್ಪು ಬರಿದಾಗುವುದು. ಇಂದು ಓಆರ್‌ಎಸ್ ಕೊಡುವುದೂ ಅದನ್ನು ತುಂಬಿಕೊಳ್ಳಲಿಕ್ಕೇ. ಬರೆಯಿಂದ, ಕಣ್ಣಿನ ಉರಿಯಿಂದ ಯಾರಿಗೂ ಏನೂ ಆಗಲಿಲ್ಲ, ನೋವಿನ ಹೊರತು.

ಇವನ್ನೆಲ್ಲ ಸೇರಿಸಿ ಓರ್ಟಾ ಒಂದು ಪುಸ್ತಕ ಮಾಡಿದ. ಭಾರತದ ಮೂಲಿಕೆ, ಮದ್ದುಗಳ ಮೇಲಿನ ಸಂವಾದಗಳು. ಗೋವೆಯಲ್ಲೇ 1563ರ ಏಪ್ರಿಲ್ 10ರಂದು ಅಚ್ಚಾಯಿತು. ಭಾರತದಲ್ಲಿ ಮುದ್ರಣಯಂತ್ರ ಬಂದು ಆಗ ಏಳು ವರ್ಷವೂ ಆಗಿರಲಿಲ್ಲ. ಪುಸ್ತಕದ ತುಂಬ ಅಚ್ಚಿನ ತಪ್ಪುಗಳು. ಬರೆದದ್ದು ವಿದ್ವಾಂಸರ ಲ್ಯಾಟಿನ್‌ನಲ್ಲಲ್ಲ, ಆಡುಮಾತಿನ ಪೋರ್ಚುಗೀಸಿನಲ್ಲಿ. ರುವಾನೊ ಎಂಬ ಕಾಲ್ಪನಿಕ ವೈದ್ಯ ಸ್ಪೇನಿನಿಂದ ಬಂದು ಓರ್ಟಾನ ಮನೆಯಲ್ಲಿ ಉಳಿದುಕೊಳ್ಳುತ್ತಾನೆ. ಗ್ರೀಕರು ಹೀಗೆ ಹೇಳಿದ್ದಾರಲ್ಲ ಎಂದು ಪ್ರತಿಯೊಂದಕ್ಕೂ ಅಡ್ಡ ಬರುತ್ತಾನೆ. ಓರ್ಟಾ ಕೆಲಸದವಳನ್ನು ಕೂಗಿ ಆ ಕಾಯಿಯನ್ನೋ ಬೇರನ್ನೋ ತರಿಸಿ ಅವನ ಮುಂದೆ ಇಡುತ್ತಾನೆ. ಮಾಲುಪ ಎಂಬ ಗೋವೆಯ ಹಿಂದೂ ವೈದ್ಯನೂ ಪುಸ್ತಕದಲ್ಲಿ ಬರುತ್ತಾನೆ. ಪೋರ್ಚುಗಲ್ಲಿನ ಮಹಾಕವಿ ಕಮೋಯಿಸ್‌ನ ಕವಿತೆಯೊಂದು ಮೊದಲ ಬಾರಿಗೆ ಅಚ್ಚಾದದ್ದೂ ಇದೇ ಪುಸ್ತಕದಲ್ಲಿ.

ಹಾಗಾದರೆ ಪುಸ್ತಕ ಬರೆದದ್ದಕ್ಕೆ ಶಿಕ್ಷೆಯಾಯಿತೇ?

ಇಲ್ಲ. ಇದೇ ಅನೇಕರು ಎಡವುವ ಜಾಗ. ಪುಸ್ತಕದ ಮುಖಪುಟವನ್ನೇ ನೋಡಿ. ಅದನ್ನು ಪರಿಶೀಲಿಸಿದವರ ಹೆಸರು ಅಲ್ಲೇ ಅಚ್ಚಾಗಿದೆ: ಅಲೈಶೊ ಡಿಯಸ್ ಫಾಲ್ಕಾಂವ್. ಈ ಸೀಮೆಗಳ ಇನ್‌ಕ್ವಿಸಿಟರ್, ಅಂದರೆ ಮತವಿಚಾರಣೆಯ ನ್ಯಾಯಾಧೀಶ. ಗ್ರೀಕ್ ಪಂಡಿತರನ್ನು ತಿದ್ದಿದ್ದಕ್ಕೆ, ಹಿಂದೂ ವೈದ್ಯರಿಂದ ಕಲಿತೆ ಅಂದಿದ್ದಕ್ಕೆ ಆ ನ್ಯಾಯಾಲಯ ತಕರಾರು ತೆಗೆಯಲಿಲ್ಲ. ಮೆಣಸು ಯಾವ ಬಳ್ಳಿಯದು ಎಂಬುದು ಅದಕ್ಕೆ ಬೇಕಾಗಿರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಅದೇ ಲೇಖಕನ ಮನೆಯಲ್ಲಿ ಶುಕ್ರವಾರ ಸಂಜೆ ಏನು ನಡೆಯುತ್ತದೆ ಎಂಬುದು.

ಗೋವೆಯಲ್ಲಿ ಈ ನ್ಯಾಯಾಲಯ ಬೇಕು ಎಂದು ಸಂತ ಫ್ರಾನ್ಸಿಸ್ ಜೇವಿಯರ್ ಪೋರ್ಚುಗಲ್ಲಿನ ರಾಜನಿಗೆ 1546ರಲ್ಲೇ ಪತ್ರ ಬರೆದಿದ್ದ. ಅದು ಬಂದದ್ದು 1560ರಲ್ಲಿ. ಹಳೆ ಗೋವೆಯಲ್ಲಿ ಬಿಜಾಪುರದ ಆದಿಲ್ ಶಾಹಿಗಳ ಕಾಲದ ಅರಮನೆಯನ್ನೇ ಅದಕ್ಕೆ ಕೊಟ್ಟರು. ನ್ಯಾಯಾಲಯ ಬರುವ ಮೊದಲೇ, 1543ರಲ್ಲಿ, ಜೆರೊನಿಮೊ ಡಿಯಸ್ ಎಂಬ ಹೊಸ ಕ್ರೈಸ್ತ ವೈದ್ಯನನ್ನು ಗುಟ್ಟಾಗಿ ಯಹೂದಿ ಮತ ಪಾಲಿಸಿದ ಆರೋಪದ ಮೇಲೆ ಗೋವೆಯಲ್ಲಿ ಸುಡಲಾಗಿತ್ತು. ಆಗ ಓರ್ಟಾ ಅದೇ ಊರಿನಲ್ಲಿದ್ದ ಅದೇ ವೃತ್ತಿಯವನು, ಅದೇ ಹಿನ್ನೆಲೆಯವನು. ಅವನಿಗೆ ಹೇಗನಿಸಿತು ಎಂದು ಅವನು ಎಲ್ಲೂ ಬರೆದಿಲ್ಲ. ಎಲ್ಲದರ ಬಗ್ಗೆ ಬರೆದ ಮನುಷ್ಯ ತನ್ನ ಬಗ್ಗೆ ಮಾತ್ರ ಬಾಯಿ ಮುಚ್ಚಿಕೊಂಡಿದ್ದ.

ಇಂಥ ನ್ಯಾಯಾಲಯ ಕೆಲಸ ಮಾಡುತ್ತಿದ್ದ ರೀತಿ ತಿಳಿದರೆ ಆ ಮೌನ ಅರ್ಥವಾಗುತ್ತದೆ. ಯಾವ ಯಾವ ಆಚಾರ ಕಂಡರೆ ಬಂದು ಹೇಳಬೇಕು ಎಂಬ ಪಟ್ಟಿಯನ್ನು ಚರ್ಚುಗಳಲ್ಲಿ ಎಲ್ಲರಿಗೂ ಕೇಳುವಂತೆ ಓದಿ ಹೇಳುತ್ತಿದ್ದರು. ಶನಿವಾರ ಮಡಿ ಬಟ್ಟೆ ಉಡುವುದು, ಶುಕ್ರವಾರ ಸಂಜೆ ದೀಪ ಹಚ್ಚುವುದು, ಹಂದಿ ಮಾಂಸ ತಿನ್ನದಿರುವುದು, ಯಹೂದಿಗಳ ಉಪವಾಸದ ದಿನ ಊಟ ಬಿಡುವುದು. ನೋಡಿ, ಇವೆಲ್ಲ ಮನೆಯೊಳಗಿನ ಸಂಗತಿಗಳು. ಕೆಲಸದವರು, ನೆಂಟರು, ಪಕ್ಕದ ಮನೆಯವರು ಮಾತ್ರ ಕಾಣಬಲ್ಲ ಸಂಗತಿಗಳು. ದೂರು ಕೊಟ್ಟವರ ಹೆಸರನ್ನು ಆರೋಪಿಗೆ ಹೇಳುತ್ತಿರಲಿಲ್ಲ. ಆರೋಪ ಏನೆಂಬುದನ್ನೂ ಮೊದಲಿಗೆ ಹೇಳುತ್ತಿರಲಿಲ್ಲ, ನೀನೇ ನೆನಪಿಸಿಕೊಂಡು ತಪ್ಪೊಪ್ಪಿಕೋ ಅನ್ನುತ್ತಿದ್ದರು. ಆಸ್ತಿ ಮುಟ್ಟುಗೋಲು. ಒಪ್ಪದಿದ್ದರೆ ಚಿತ್ರಹಿಂಸೆ. ಒಪ್ಪಿದರೂ ಇನ್ನು ಯಾರು ಯಾರು ಜೊತೆಗಿದ್ದರು ಎಂದು ಹೆಸರು ಹೇಳಬೇಕು. ಕಳಿಸಿದವರು ಯಾರೆಂದು ಗೊತ್ತಿಲ್ಲದ ಒಂದು ಮಾತು ಒಬ್ಬರ ಮನೆ ಬಾಗಿಲಿಗೆ ಬಂದು ನಿಂತರೆ ಏನಾಗುತ್ತದೆ ಎಂಬುದು ಇಂದಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಮರಣದಂಡನೆಯನ್ನು ಚರ್ಚ್ ತಾನೇ ಜಾರಿ ಮಾಡುತ್ತಿರಲಿಲ್ಲ. ಪಾದ್ರಿಗಳು ರಕ್ತ ಹರಿಸಬಾರದು ಎಂಬ ನಿಯಮವಿತ್ತು. ಆದ್ದರಿಂದ ಅಪರಾಧಿಯನ್ನು ಸರ್ಕಾರದ ಅಧಿಕಾರಿಗಳ ಕೈಗೆ ಒಪ್ಪಿಸಿಬಿಡುತ್ತಿದ್ದರು. ಮುಂದೇನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ತಂಗಿ ಕಟರೀನಾ

ಓರ್ಟಾನ ಸೋದರಿಯರಾದ ಕಟರೀನಾ ಮತ್ತು ಇಸಾಬೆಲ್ ಲಿಸ್ಬನ್‌ನಲ್ಲೇ ಇದ್ದರು. 1547ರಲ್ಲಿ ಅಲ್ಲಿನ ಮತವಿಚಾರಣೆ ಅವರನ್ನು ಹಿಡಿದು, ಆಮೇಲೆ ಬಿಟ್ಟಿತು. 1549ರ ಹೊತ್ತಿಗೆ ತಾಯಿಯೊಂದಿಗೆ ಅವರೂ ಗೋವೆಗೆ ಬಂದರು. ಅಣ್ಣ ಗವರ್ನರುಗಳ ವೈದ್ಯ. ಅವನ ನೆರಳಿನಲ್ಲಿ ಸುಮಾರು ಇಪ್ಪತ್ತು ವರ್ಷ ಕಳೆದವು.

1568ರಲ್ಲಿ ಓರ್ಟಾ ತೀರಿಕೊಂಡ. ತನ್ನ ಹಾಸಿಗೆಯಲ್ಲಿ, ಗೌರವಾನ್ವಿತ ಕ್ರೈಸ್ತ ವೈದ್ಯನಾಗಿ. ನೆರಳು ಸರಿಯುತ್ತಿದ್ದಂತೆ ಕಟರೀನಾಳನ್ನು ಬಂಧಿಸಿದರು. ಹಿಂಸೆಯ ನಡುವೆ ಬಂದ ಹೇಳಿಕೆಗಳಲ್ಲಿ, ಮನೆಮಂದಿಯ ಹೇಳಿಕೆಗಳಲ್ಲಿ ತೀರಿಹೋದ ಅಣ್ಣನ ಹೆಸರೂ ಬಂತು: ಅವನೂ ಒಳಗೊಳಗೆ ಮೋಸೆಸನ ಧರ್ಮವನ್ನೇ ನಂಬಿದ್ದ, ಮನೆಯವರಿಗೂ ಅದನ್ನೇ ಹೇಳಿಕೊಟ್ಟಿದ್ದ ಎಂದು. 1569ರ ಅಕ್ಟೋಬರ್ 25ರಂದು ಕಟರೀನಾಳನ್ನು ಗೋವೆಯಲ್ಲಿ ಸುಡಲಾಯಿತು. ಅಣ್ಣನ ಬಗ್ಗೆ ಪುಟಗಟ್ಟಲೆ ಬರೆಯುವವರು ಆಕೆಗೆ ಸಾಮಾನ್ಯವಾಗಿ ಅರ್ಧ ಸಾಲು ಕೊಡುತ್ತಾರೆ. ಆದರೆ ಬೆಂಕಿಗೆ ಜೀವ ಕೊಟ್ಟವಳು ಆಕೆ.

ಓರ್ಟಾನ ಸರದಿ ಬಂದದ್ದು 1580ರ ಡಿಸೆಂಬರ್ 4ರಂದು. ಸತ್ತವರನ್ನೂ ವಿಚಾರಣೆ ಮಾಡುವ ಅಧಿಕಾರ ಆ ನ್ಯಾಯಾಲಯಕ್ಕಿತ್ತು. ಅಪರಾಧಿ ಎಂದು ತೀರ್ಪು ಕೊಟ್ಟು, ಸಮಾಧಿ ಅಗೆದು, ಎಲುಬುಗಳನ್ನು ಸಾರ್ವಜನಿಕವಾಗಿ ಸುಟ್ಟರು. ಹೀಗಾಗಿ 'ವಿಜ್ಞಾನ ಹೇಳಿದ್ದಕ್ಕೆ ಓರ್ಟಾನನ್ನು ಜೀವಂತ ಸುಟ್ಟರು' ಎಂಬ ಮಾತು ಎಲ್ಲಾದರೂ ಕಂಡರೆ ಅದರಲ್ಲಿ ಎರಡು ತಪ್ಪಿವೆ. ಸುಟ್ಟದ್ದು ಜೀವಂತವಾಗಿ ಅಲ್ಲ. ಸುಟ್ಟ ಕಾರಣ ವಿಜ್ಞಾನವೂ ಅಲ್ಲ.

ಅಷ್ಟರೊಳಗೆ ಪುಸ್ತಕ ಯುರೋಪ್ ತಲುಪಿಯಾಗಿತ್ತು. ಕ್ಲೂಸಿಯಸ್ ಎಂಬ ಸಸ್ಯವಿಜ್ಞಾನಿ ಅದನ್ನು ಲ್ಯಾಟಿನ್‌ನಲ್ಲಿ ಸಂಗ್ರಹಿಸಿ 1567ರಲ್ಲಿ ಆಂಟ್‌ವರ್ಪ್‌ನಲ್ಲಿ ಅಚ್ಚು ಹಾಕಿಸಿದ್ದ. ಗೋವೆಯಲ್ಲಿ ಲೇಖಕನ ಎಲುಬು ಸುಡುತ್ತಿದ್ದ ಕಾಲದಲ್ಲೇ ಅಲ್ಲಿನ ವೈದ್ಯರು ಅವನನ್ನು ಓದಿ ಏಲಕ್ಕಿ, ಶುಂಠಿಯ ವಿಷಯ ಕಲಿಯುತ್ತಿದ್ದರು.

ಲಕ್ಷದ ಲೆಕ್ಕ ಎಲ್ಲಿಂದ ಬಂತು?

ಗೋವೆಯ ನ್ಯಾಯಾಲಯ 1774ರಲ್ಲಿ ರದ್ದಾಗಿ, 1778ರಲ್ಲಿ ಮತ್ತೆ ಶುರುವಾಗಿ, 1812ರಲ್ಲಿ ಪೂರ್ತಿ ಮುಚ್ಚಿತು. ಮುಚ್ಚಿದ ಮೇಲೆ ಅದರ ಕಡತಗಳಲ್ಲಿ ಹೆಚ್ಚಿನವನ್ನು ನಾಶಮಾಡಲಾಯಿತು. ಉಳಿದ ಪಟ್ಟಿಗಳಿಂದ ಇತಿಹಾಸಕಾರರು ಮಾಡಿರುವ ಲೆಕ್ಕದಂತೆ, 1561ರಿಂದ 1774ರವರೆಗೆ ವಿಚಾರಣೆಗೆ ಗುರಿಯಾದವರು ಸುಮಾರು 16,000 ಜನ. ಜೀವ ಕಳೆದುಕೊಂಡವರ ವಿಷಯದಲ್ಲಿ ಸಾಮಾನ್ಯವಾಗಿ ಉಲ್ಲೇಖವಾಗುವ ಅಂಕಿ 57. ಇನ್ನೂ 64 ಮಂದಿಯ ಪ್ರತಿಕೃತಿಗಳನ್ನು ಸುಡಲಾಯಿತು, ಅಂದರೆ ಅವರು ಆಗಲೇ ಸತ್ತಿದ್ದರು ಅಥವಾ ತಪ್ಪಿಸಿಕೊಂಡಿದ್ದರು. ದಾಖಲೆಗಳು ಅಪೂರ್ಣವಾದ್ದರಿಂದ ಈ ಅಂಕಿ ಸ್ವಲ್ಪ ಹೆಚ್ಚಬಹುದು. ಲಕ್ಷವಂತೂ ಆಗುವುದಿಲ್ಲ.

ಅಂಕಿ ಚಿಕ್ಕದು ಎಂದಾಕ್ಷಣ ಸಂಕಟ ಚಿಕ್ಕದೇನಲ್ಲ. 16,000 ಜನರ ಹಿಂದೆ ಜೈಲು, ಚಾಟಿ, ದೇಶಾಂತರ, ಹೋದ ಮನೆ ಮಠ ಎಲ್ಲ ಇವೆ. ಮೊದಮೊದಲು ಓರ್ಟಾನಂಥ ಹೊಸ ಕ್ರೈಸ್ತರನ್ನು ಹಿಡಿದ ನ್ಯಾಯಾಲಯ, ಮುಂದೆ ಹೆಚ್ಚಾಗಿ ಹಿಡಿದದ್ದು ಹಿಂದೂ ಧರ್ಮದಿಂದ ಮತಾಂತರವಾಗಿದ್ದ ಗೋವೆಯ ಕ್ಯಾಥೊಲಿಕರನ್ನೇ. 1736ರಲ್ಲಿ ಅದು ಹೊರಡಿಸಿದ ಆಜ್ಞೆಯಲ್ಲಿ ಅಂಗಳದಲ್ಲಿ ತುಳಸಿ ಬೆಳೆಸುವುದು, ಅನ್ನಕ್ಕೆ ಉಪ್ಪು ಹಾಕದೆ ಬೇಯಿಸುವುದು ಕೂಡ ನಿಷೇಧದ ಪಟ್ಟಿಯಲ್ಲಿದ್ದವು. ಗೋವೆ ಬಿಟ್ಟು ನಮ್ಮ ಕರಾವಳಿಗೆ ಇಳಿದು ಬಂದ ಕೊಂಕಣಿ ಮಾತಿನವರಲ್ಲಿ ಹಿಂದೂಗಳೂ ಇದ್ದರು, ಕ್ಯಾಥೊಲಿಕರೂ ಇದ್ದರು. ಬರಗಾಲ, ತೆರಿಗೆ, ಮರಾಠರ ದಾಳಿಗಳೂ ಅವರನ್ನು ಹೊರಡಿಸಿದವು, ಈ ನ್ಯಾಯಾಲಯದ ಭಯವೂ ಹೊರಡಿಸಿತು. ಕೆಳದಿಯ ನಾಯಕರ ಸೀಮೆಯಲ್ಲಿ ಅವರಿಗೆ ನೆಲ ಸಿಕ್ಕಿತು. ಮಂಗಳೂರಿನ ಕ್ಯಾಥೊಲಿಕ್ ಗೆಳೆಯರ ಮುಂದೆ ಈ ವಿಷಯದ ಫಾರ್ವರ್ಡ್ ಹಿಡಿದು ಜಗಳಕ್ಕೆ ನಿಲ್ಲುವವರಿಗೆ ಇದು ತಿಳಿದಿರಲಿ: ಅವರ ಹಿರಿಯರಲ್ಲಿ ಎಷ್ಟೋ ಜನ ಅದೇ ನ್ಯಾಯಾಲಯಕ್ಕೆ ಹೆದರಿ ಬಂದವರು.

ಓರ್ಟಾನ ಗುಟ್ಟು ಹೊರಬಂದದ್ದು ತೀರಾ ಈಚೆಗೆ. 19ನೇ ಶತಮಾನದ ಕೊನೆಯಲ್ಲಿ ಅವನ ಜೀವನಚರಿತ್ರೆ ಬರೆದು, ಪುಸ್ತಕವನ್ನು ಶುದ್ಧವಾಗಿ ಮರುಮುದ್ರಿಸಿದ ಕೌಂಟ್ ಫಿಕಾಲೊಗೂ ಇದು ತಿಳಿದಿರಲಿಲ್ಲ. 1934ರಲ್ಲಿ ಸಿಲ್ವಾ ಕಾರ್ವಾಲೊ ಎಂಬ ಪೋರ್ಚುಗೀಸ್ ಸಂಶೋಧಕ ಮತವಿಚಾರಣೆಯ ಹಳೆಯ ಕಾಗದಗಳನ್ನು ಶೋಧಿಸಿ ಪ್ರಕಟಿಸಿದಾಗಲೇ ಕಟರೀನಾಳ ಕಥೆಯೂ ಎಲುಬು ಸುಟ್ಟ ಕಥೆಯೂ ಹೊರಗೆ ಬಂದವು. ಮುಂದೆ 1971ರಲ್ಲಿ ಪೋರ್ಚುಗಲ್ 20 ಎಸ್ಕುಡೊ ನೋಟಿನ ಮೇಲೆ ಓರ್ಟಾನ ಮುಖ ಅಚ್ಚು ಹಾಕಿತು. ಲಿಸ್ಬನ್ ಎದುರಿನ ಅಲ್ಮಾಡಾದಲ್ಲಿ ದೊಡ್ಡ ಆಸ್ಪತ್ರೆಯೊಂದಕ್ಕೆ ಅವನ ಹೆಸರಿದೆ. ಗೋವೆಗೆ ಪ್ರವಾಸ ಹೋದರೆ ಪಣಜಿಯಲ್ಲಿ, ಚರ್ಚಿನ ಹತ್ತಿರದ ಮುನಿಸಿಪಲ್ ಉದ್ಯಾನಕ್ಕೆ ಹೋಗಿ ಬನ್ನಿ. ಅದಕ್ಕೂ ಗಾರ್ಸಿಯಾ ಡಾ ಓರ್ಟಾನದೇ ಹೆಸರು. ಹಳೆ ಗೋವೆಯಲ್ಲಿದ್ದ ಮತವಿಚಾರಣೆಯ ಅರಮನೆಯನ್ನು ನೋಡುತ್ತೇವೆ ಎಂದು ಹೊರಟರೆ ಸಿಗುವುದಿಲ್ಲ. ಅದನ್ನು 19ನೇ ಶತಮಾನದಲ್ಲೇ ಕೆಡವಿಹಾಕಿದ್ದಾರೆ.